ಪಿಸಿಓಎಸ್: ತಪ್ಪುವ ಮುಟ್ಟು, ಏರುವ ತೂಕ ಮತ್ತು ನಮ್ಮ ಬೆಲ್ಲದ ಸೀಮೆಯ ಊಟ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಿಂದ ನಮ್ಮಲ್ಲಿಗೆ ಹರೆಯದ ಮಗಳನ್ನು ಕರೆದುಕೊಂಡು ಬರುವ ತಾಯಂದಿರು ಮೊದಲು ಮೇಜಿನ ಮೇಲೆ ಇಡುವುದು ಸ್ಕ್ಯಾನಿಂಗ್ ವರದಿಯನ್ನು. ‘ಗರ್ಭಕೋಶದಾಗ ನೀರಿನ ಗುಳ್ಳಿ ಆಗ್ಯಾವಂತ್ರೀ, ಕರಗೂವಂಥಾ ಔಷಧ ಕೊಡ್ರಿ’ ಎಂಬುದೇ ಅವರ ಮೊದಲ ಮಾತು. ಮಗಳಿಗೆ ಮೂರು ತಿಂಗಳಿಂದ ಮುಟ್ಟಾಗಿಲ್ಲ, ವರ್ಷದಲ್ಲಿ ಎಂಟು ಕಿಲೋ ತೂಕ ಏರಿದೆ, ಗದ್ದದ ಮೇಲೆ ಕೂದಲು ಬರುತ್ತಿದೆ ಎಂಬ ಸಂಗತಿಗಳು ಆಮೇಲೆ, ನಾವು ಕೇಳಿದ ನಂತರ, ತಗ್ಗಿದ ದನಿಯಲ್ಲಿ ಹೊರಬರುತ್ತವೆ. ಈ ಕ್ರಮವೇ ತಲೆಕೆಳಗಾದದ್ದು. ಗುಳ್ಳೆಗಳು ಈ ರೋಗದ ಅತಿ ಸಣ್ಣ ಭಾಗ. ತಗ್ಗಿದ ದನಿಯಲ್ಲಿ ಹೇಳಿದ್ದೇ ನಿಜವಾದ ರೋಗ.

ಪಿಸಿಓಎಸ್ ಎಂದು ಕರೆಯಲಾಗುವ ಈ ವ್ಯಾಧಿಯಲ್ಲಿ ಅಂಡಾಶಯದೊಳಗೆ ಕಾಣುವ ಗುಳ್ಳೆಗಳು ಗಂಟುಗಳಲ್ಲ, ಕೀವುಗುಳ್ಳೆಗಳೂ ಅಲ್ಲ. ಬೆಳೆಯಲು ಹೊರಟು ಅರ್ಧ ದಾರಿಯಲ್ಲಿ ನಿಂತ ಅಂಡದ ಕೋಶಿಕೆಗಳು ಅವು. ತೇವ ಸಾಲದೆ ತೆನೆ ಕಟ್ಟದೇ ನಿಂತ ಜೋಳದ ಹೊಲವನ್ನು ನೆನೆದರೆ ಅವುಗಳ ಸ್ಥಿತಿ ತಿಳಿಯುತ್ತದೆ. ನಿಂತ ಬೆಳೆಯನ್ನು ಕಿತ್ತೊಗೆದು ಪ್ರಯೋಜನವಿಲ್ಲ, ತೇವವೇಕೆ ಸಾಲಲಿಲ್ಲವೆಂದು ನೋಡಬೇಕು. ಆದ್ದರಿಂದ ‘ಕರಗಿಸುವ’ ಔಷಧಿ ಎಂಬುದು ಇಲ್ಲ. ಕರಗಿಸಬೇಕಾದ ವಸ್ತುವೇ ಅಲ್ಲಿಲ್ಲ. ಹದಿನಾರು ಹದಿನೇಳರ ಆರೋಗ್ಯವಂತ ಹುಡುಗಿಯರ ಅಂಡಾಶಯದಲ್ಲಿಯೂ ಇಂಥ ಹಲವು ಕೋಶಿಕೆಗಳು ಕಾಣುವುದು ಸಹಜ. ಅದಕ್ಕೆಂದೇ ಮೊದಲ ಮುಟ್ಟಾಗಿ ಎಂಟು ವರ್ಷ ಕಳೆಯುವ ತನಕ ಸ್ಕ್ಯಾನಿಂಗ್ ನೋಡಿ ಈ ರೋಗವನ್ನು ನಿರ್ಣಯಿಸಬಾರದೆಂದು 2018ರ ಮತ್ತು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಸ್ಪಷ್ಟವಾಗಿ ಹೇಳಿವೆ. ಆದರೂ ನಮ್ಮ ಊರುಗಳಲ್ಲಿ ಹತ್ತನೆಯ ತರಗತಿಯ ಹುಡುಗಿಗೆ ಮೊದಲು ಆಗುವುದೇ ಸ್ಕ್ಯಾನಿಂಗ್.

ಹಾಗಾದರೆ ಯಾವಾಗ ಸಂಶಯಪಡಬೇಕು? ಮೊದಲ ಮುಟ್ಟಾದ ವರ್ಷದಲ್ಲಿ ಏರುಪೇರು ಸಹಜ, ಗಾಬರಿ ಬೇಡ. ಮೂರು ವರ್ಷ ಕಳೆದ ಮೇಲೂ ಎರಡು ಮುಟ್ಟುಗಳ ನಡುವೆ 35 ದಿನಗಳಿಗಿಂತ ಹೆಚ್ಚು ಅಂತರ ಬೀಳುತ್ತಲೇ ಇದ್ದರೆ, ಅಥವಾ ಮೊದಲ ವರ್ಷದ ನಂತರ ಯಾವುದೇ ಒಂದು ಸಲ 90 ದಿನ ದಾಟಿದರೆ, ವೈದ್ಯರನ್ನು ಕಾಣಬೇಕು. ಅದರೊಡನೆ ಮುಖದಲ್ಲಿ ಗಡಸು ಕೂದಲು, ಹೋಗದ ಮೊಡವೆ, ನೆತ್ತಿಯಲ್ಲಿ ತೆಳುವಾಗುವ ಕೂದಲು ಇದ್ದರೆ ಪುರುಷ ಹಾರ್ಮೋನಿನ ಅಂಶ ಹೆಚ್ಚಿದೆ ಎಂದು ತಿಳಿಯಬೇಕು. ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ ಪರೀಕ್ಷಿಸಿ ಬೇರೆ ಕಾರಣಗಳಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಪಿಸಿಓಎಸ್ ಎಂಬ ಹೆಸರು ಕೊಡುವುದು ನ್ಯಾಯ. ಮಕ್ಕಳನ್ನು ಹೆರುವ ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ ಹತ್ತರ ಆಸುಪಾಸಿನಲ್ಲಿ ಇದು ಇದೆಯೆಂಬುದು ಜಗತ್ತಿನ ಅಂದಾಜು. ಅಂದಮೇಲೆ ಇದು ಯಾವ ಮನೆತನದ ಕಳಂಕವೂ ಅಲ್ಲ.

ಅಂಡಾಶಯ ಮಾತ್ರ ಕಿವುಡಲ್ಲ

ಈ ವ್ಯಾಧಿಯ ಬೇರನ್ನು ತಿಳಿಯಲು ಇನ್ಸುಲಿನ್ನಿನ ಕೆಲಸವನ್ನು ತಿಳಿಯಬೇಕು. ನಾವು ಉಂಡ ರೊಟ್ಟಿ, ಅನ್ನ, ಬೆಲ್ಲ ಎಲ್ಲವೂ ಕಡೆಗೆ ಸಕ್ಕರೆಯ ರೂಪದಲ್ಲಿ ರಕ್ತವನ್ನು ಸೇರುತ್ತವೆ. ಆ ಸಕ್ಕರೆಯನ್ನು ಸ್ನಾಯುಗಳ ಬಾಗಿಲು ತೆರೆಸಿ ಒಳಗೆ ಕಳುಹಿಸುವುದು ಮೇದೋಜೀರಕ ಗ್ರಂಥಿಯಿಂದ ಹೊರಡುವ ಇನ್ಸುಲಿನ್. ಕೆಲವರಲ್ಲಿ ಹುಟ್ಟಿನಿಂದಲೇ ಬಂದ ಗುಣದಿಂದ, ಹಲವರಲ್ಲಿ ಹೊಟ್ಟೆಯ ಸುತ್ತ ಬೆಳೆದ ಕೊಬ್ಬಿನಿಂದ, ಸ್ನಾಯುವೂ ಯಕೃತ್ತೂ ಇನ್ಸುಲಿನ್ನಿನ ಮಾತಿಗೆ ಕಿವುಡಾಗುತ್ತವೆ. ಒಂದು ಕರೆಗೆ ಏಳದವನನ್ನು ನಾಲ್ಕು ಸಲ ಕೂಗಿ ಎಬ್ಬಿಸುವಂತೆ ದೇಹವು ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ. ಸಕ್ಕರೆಯ ಪರೀಕ್ಷೆ ಹಲವು ವರ್ಷ ಸರಿಯಾಗಿಯೇ ಬರುತ್ತದೆ. ಅದನ್ನು ಸರಿಯಾಗಿಡಲು ದೇಹ ತೆರುತ್ತಿರುವ ಬೆಲೆ ಮಾತ್ರ ಕಾಣುವುದಿಲ್ಲ.

ಆದರೆ ಅಂಡಾಶಯ ಕಿವುಡಲ್ಲ. ಸ್ನಾಯುವಿಗೆಂದು ಕೂಗಿದ ಕೂಗು ಅದಕ್ಕೆ ಪೂರ್ತಿಯಾಗಿ ಕೇಳಿಸುತ್ತದೆ. ಹೆಚ್ಚಿದ ಇನ್ಸುಲಿನ್ ಅಂಡಾಶಯದಿಂದ ಅಗತ್ಯಕ್ಕಿಂತ ಹೆಚ್ಚು ಪುರುಷ ಹಾರ್ಮೋನನ್ನು ತಯಾರಿಸುತ್ತದೆ. ಅದೇ ವೇಳೆಗೆ ಯಕೃತ್ತು ಆ ಹಾರ್ಮೋನನ್ನು ಕಟ್ಟಿಹಿಡಿಯುವ ಪ್ರೋಟೀನನ್ನು ಕಡಿಮೆ ಮಾಡುತ್ತದೆ. ಫಲವಾಗಿ ಅಂಡ ಪಕ್ವವಾಗುವುದಿಲ್ಲ, ಮುಟ್ಟು ಮುಂದೆ ಹೋಗುತ್ತದೆ, ಗದ್ದದ ಮೇಲೆ ಕೂದಲು ಬರುತ್ತದೆ. ಇದೇ ಇನ್ಸುಲಿನ್ ಕೊಬ್ಬನ್ನು ಕೂಡಿಡುತ್ತದೆ, ಕೂಡಿದ ಕೊಬ್ಬು ಕಿವುಡುತನವನ್ನು ಹೆಚ್ಚಿಸುತ್ತದೆ. ಗಾಣದ ಎತ್ತು ಸುತ್ತುವ ಹಾಗೆ ಒಂದರ ಬೆನ್ನಿಗೆ ಒಂದು.

1935ರಲ್ಲಿ ಶಿಕಾಗೋ ನಗರದ ಸ್ಟೀನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು ಏಳು ಮಂದಿ ಸ್ತ್ರೀಯರಲ್ಲಿ ಈ ಲಕ್ಷಣಗಳನ್ನು ಒಟ್ಟಿಗೆ ಕಂಡು ಬರೆದರು. ಅಂದು ಅಂಡಾಶಯದ ತುಂಡನ್ನು ಕತ್ತರಿಸುವುದೇ ಚಿಕಿತ್ಸೆಯಾಗಿತ್ತು. ಇನ್ಸುಲಿನ್ನಿನ ನಂಟು ಸ್ಪಷ್ಟವಾದದ್ದು 1980ರಲ್ಲಿ. ನಡುವಿನ ನಲವತ್ತೈದು ವರ್ಷ ವೈದ್ಯಲೋಕವೂ ಗುಳ್ಳೆಯನ್ನೇ ನೋಡುತ್ತ ಕುಳಿತಿತ್ತೆಂದ ಮೇಲೆ ನಮ್ಮ ತಾಯಂದಿರನ್ನು ದೂರುವುದು ಸಲ್ಲದು.

ಈ ಕಿವುಡುತನವನ್ನು ಕಣ್ಣಿನಿಂದಲೇ ಗುರುತಿಸುವ ಒಂದು ಚಿಹ್ನೆಯುಂಟು. ಕೊರಳ ಹಿಂಭಾಗದಲ್ಲಿ, ಕಂಕುಳಲ್ಲಿ ಚರ್ಮವು ಕಪ್ಪಾಗಿ, ದಪ್ಪವಾಗಿ, ಮುಟ್ಟಿದರೆ ಮಖಮಲ್ಲಿನಂತೆ ತೋರುತ್ತದೆ. ನಮ್ಮ ಭಕ್ತರ ಮನೆಗಳಲ್ಲಿ ಇದನ್ನು ಇಷ್ಟಲಿಂಗದ ಶಿವದಾರ ತಿಕ್ಕಿ ಆದ ಕಲೆಯೆಂದೇ ಭಾವಿಸುವವರು ಹಲವರಿದ್ದಾರೆ. ದಾರದ ಕಲೆ ದಾರದಷ್ಟೇ ಅಗಲ ಗೆರೆಯಾಗಿರುತ್ತದೆ. ಇದು ಪಟ್ಟಿಯಂತೆ ಹರಡಿರುತ್ತದೆ, ದಾರ ಮುಟ್ಟದ ಕಂಕುಳಲ್ಲಿಯೂ ಇರುತ್ತದೆ. ಕಡಲೆಹಿಟ್ಟು, ನಿಂಬೆಹಣ್ಣು, ಕಡೆಗೆ ಪಾತ್ರೆ ತಿಕ್ಕುವ ನಾರು ಹಾಕಿ ಉಜ್ಜಿ ಗಾಯ ಮಾಡಿಕೊಂಡು ಬಂದ ಮಕ್ಕಳನ್ನು ನಾವು ಕಂಡಿದ್ದೇವೆ. ಅದು ಕೊಳೆಯಲ್ಲ. ಇನ್ಸುಲಿನ್ ಇಳಿದರೆ ಅದೂ ನಿಧಾನವಾಗಿ ತಿಳಿಯಾಗುತ್ತದೆ. ಇನ್ಸುಲಿನ್ನನ್ನೇ ಅಳೆಯುವ ದುಬಾರಿ ರಕ್ತಪರೀಕ್ಷೆ ಈ ರೋಗಕ್ಕೆ ಬೇಕಿಲ್ಲ. ಆ ಹಣದಲ್ಲಿ ಖಾಲಿ ಹೊಟ್ಟೆಯಲ್ಲಿ ಹಾಗೂ 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ತಾಸಿನ ನಂತರ ಸಕ್ಕರೆ ನೋಡುವ ಪರೀಕ್ಷೆ, ಕೊಬ್ಬಿನ ಪರೀಕ್ಷೆ ಮಾಡಿಸುವುದು ಲೇಸು. ರಕ್ತದೊತ್ತಡ ನೋಡಿಸಿ, ದರ್ಜಿಯ ಟೇಪಿನಿಂದ ಸೊಂಟದ ಸುತ್ತಳತೆ ಅಳೆದುಕೊಳ್ಳಿ. ನಮ್ಮ ದೇಶದ ಸ್ತ್ರೀಯರಿಗೆ ಸೊಂಟ 80 ಸೆಂಟಿಮೀಟರ್ ದಾಟಿದರೆ ಎಚ್ಚರ ಬೇಕು.

ಚರಕರು ಬೆಲ್ಲವನ್ನು ಎಲ್ಲಿಟ್ಟರು?

ಪಿಸಿಓಎಸ್ ಎಂಬ ಹೆಸರು ನಮ್ಮ ಸಂಹಿತೆಗಳಲ್ಲಿಲ್ಲ. ಎಲ್ಲವೂ ನಮ್ಮ ಗ್ರಂಥಗಳಲ್ಲಿ ಮೊದಲೇ ಇತ್ತೆಂದು ಎದೆಯುಬ್ಬಿಸುವುದು ನಮಗೆ ಹಿಡಿಸದ ಮಾತು. ಆದರೆ ಲಕ್ಷಣಗಳ ನೆರಳು ಅಲ್ಲಲ್ಲಿ ಕಾಣುತ್ತದೆ. ಕಾಶ್ಯಪ ಸಂಹಿತೆಯ ರೇವತೀಕಲ್ಪದಲ್ಲಿ ಪುಷ್ಪಘ್ನೀ ಎಂಬ ಸ್ಥಿತಿಯ ವರ್ಣನೆಯುಂಟು: ಮುಟ್ಟು ಕಾಲಕ್ಕೆ ಕಂಡರೂ ಫಲವಿಲ್ಲ, ದೇಹ ಸ್ಥೂಲ, ಕೆನ್ನೆಯ ಮೇಲೆ ರೋಮ. ಚರಕ ಸಂಹಿತೆಯ ಪ್ರಮೇಹ ಚಿಕಿತ್ಸೆಯಲ್ಲಿ ರೋಗದ ಕಾರಣಗಳನ್ನು ಹೇಳುವಾಗ ಕುಳಿತೇ ಇರುವ ಸುಖ, ಮಲಗಿಯೇ ಇರುವ ಸುಖ, ಮೊಸರು, ಹೊಸ ಧಾನ್ಯಗಳೊಡನೆ ಬೆಲ್ಲದಿಂದ ಮಾಡಿದ ಪದಾರ್ಥಗಳನ್ನೂ ಹೆಸರಿಸಲಾಗಿದೆ. ಈ ಕಡೆಯ ಮಾತನ್ನು ಮಹಾಲಿಂಗಪುರದ ಬೆಲ್ಲದ ಪೇಟೆಗೆ ಹತ್ತಿರವಿರುವ ನಾವು ಬೇಗ ಮರೆತುಬಿಡುತ್ತೇವೆ.

ನಮ್ಮ ಸೀಮೆಯಲ್ಲಿ ಬೆಲ್ಲವೆಂದರೆ ಅನ್ನ ಕೊಟ್ಟ ಬೆಳೆ. ಕಬ್ಬು ಬೆಳೆಯುವ ಮನೆಯಲ್ಲಿ ಕುಳಿತು ಬೆಲ್ಲವನ್ನು ದೂರುವುದು ಸುಲಭವಲ್ಲ. ‘ಸಕ್ಕರೆ ಬಿಟ್ಟೇವ್ರೀ, ಎಲ್ಲಾ ಬೆಲ್ಲದ್ದ’ ಎಂದು ಅಭಿಮಾನದಿಂದ ಹೇಳುವವರಿಗೆ ನಾವು ಕೊಡುವ ಉತ್ತರವಿಷ್ಟೇ: ನೂರು ಗ್ರಾಂ ಬೆಲ್ಲದಲ್ಲಿ ಎಂಬತ್ತು ಗ್ರಾಂಗೂ ಮಿಗಿಲು ಸಕ್ಕರೆಯ ಅಂಶವೇ ಇದೆ. ಉಳಿದ ಸ್ವಲ್ಪ ಕಬ್ಬಿಣ, ಖನಿಜಗಳು ಒಳ್ಳೆಯವು, ಆದರೆ ಅವುಗಳಿಗಾಗಿ ಆ ಎಂಬತ್ತು ಗ್ರಾಂ ನುಂಗಬೇಕಾಗಿಲ್ಲ. ರಾಸಾಯನಿಕ ಹಾಕದ ಬೆಲ್ಲವೆಂದರೂ ಇನ್ಸುಲಿನ್ನಿನ ಲೆಕ್ಕ ಬದಲಾಗದು. ಗಾಣದ ಬಳಿ ಕುಡಿಯುವ ಒಂದು ದೊಡ್ಡ ಲೋಟ ಕಬ್ಬಿನ ಹಾಲಿನಲ್ಲಿ ಮೂವತ್ತು ಗ್ರಾಂನಷ್ಟು ಸಕ್ಕರೆ ಇರುತ್ತದೆ. ಎರಡೆರಡು ಚಮಚ ಹಾಕಿದ ಚಹಾ ದಿನಕ್ಕೆ ಐದು ಸಲ ಕುಡಿದರೆ ಐವತ್ತು ಗ್ರಾಂ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದೆನ್ನುತ್ತದೆ.

ಇನ್ನೂ ಒಂದು ರೂಢಿಯ ಬಗ್ಗೆ ಹೇಳಲೇಬೇಕು. ಮುಟ್ಟು ತಡವಾದರೆ ‘ಉಷ್ಣ’ ಮಾಡಬೇಕೆಂದು ಹುಡುಗಿಗೆ ಪ್ರತಿದಿನ ಎಳ್ಳು-ಬೆಲ್ಲದ ಉಂಡೆ ತಿನ್ನಿಸುವುದು ಮನೆಮನೆಯ ಚಿಕಿತ್ಸೆ. ಎಳ್ಳಿಗೆ ಆಧಾರವುಂಟು: ನಿಂತ ಮುಟ್ಟಿಗೆ ಹಿತವಾದ ಆಹಾರವೆಂದು ಸುಶ್ರುತರು ಹೇಳಿದ ಪದಾರ್ಥಗಳಲ್ಲಿ ಎಳ್ಳು, ಹುರುಳಿ, ಉದ್ದು ಸೇರಿವೆ. ಆ ಸಾಲಿನಲ್ಲಿ ಬೆಲ್ಲವಿಲ್ಲ. ಎಳ್ಳಿನ ಕಷಾಯಕ್ಕೆ ಬೆಲ್ಲ ಬೆರೆಸುವ ಯೋಗ ನಂತರದ ಗ್ರಂಥಗಳಲ್ಲಿ ಬರುತ್ತದೆ. ಅದು ಔಷಧಿಯ ಪ್ರಮಾಣದಲ್ಲಿ, ಕೆಲವು ದಿನಗಳ ಮಟ್ಟಿಗೆ. ತೂಕ ಏರುತ್ತಿರುವ, ಕೊರಳು ಕಪ್ಪಾದ ಹುಡುಗಿಗೆ ವರ್ಷವಿಡೀ ದಿನಕ್ಕೆರಡು ಉಂಡೆ ಕೊಟ್ಟರೆ ರೋಗದ ಬೇರಿಗೆ ನೀರುಣಿಸಿದಂತಾಯಿತು. ಒಂದು ಚಮಚ ಹುರಿದ ಎಳ್ಳನ್ನೋ ಅಗಸಿ ಹಿಂಡಿಯನ್ನೋ ರೊಟ್ಟಿಯೊಡನೆ ಕೊಡಿ, ಸಾಕು.

ಇದೇ ಚರಕರು ಸ್ಥೌಲ್ಯಕ್ಕೆ ಯಾವ ಆಹಾರ ಹೇಳಿದರೆಂಬುದನ್ನು ಓದಿದರೆ ನಮ್ಮ ಸೀಮೆಯವರಿಗೆ ಆಶ್ಚರ್ಯವಾಗಬೇಕು. ನವಣೆ, ಸಾಮೆ, ಯವೆ, ಹಾರಕ, ಹೆಸರು, ಹುರುಳಿ, ತೊಗರಿ, ಅವುಗಳ ನಡುವೆ ವ್ಯಾಖ್ಯಾನಕಾರರು ಜೋಳವೆಂದು ಗುರುತಿಸುವ ಜೂರ್ಣಾಹ್ವ. ಘಟಪ್ರಭೆಯ ಕಾಲುವೆಯ ನೀರೂ ಕೃಷ್ಣೆಯ ನೀರೂ ಹೊಲಕ್ಕೆ ಬರುವ ಮುನ್ನ ನಮ್ಮ ಎರೆಭೂಮಿ ಬೆಳೆಯುತ್ತಿದ್ದ ಬೆಳೆಗಳಲ್ಲಿ ಇವು ಹಲವು. ಕಬ್ಬು ಬಂದು ಸಾಲ ತೀರಿತು, ಮಕ್ಕಳು ಓದಿದರು; ಅದನ್ನು ಅಲ್ಲಗಳೆಯುವ ಅಧಿಕಾರ ನಮಗಿಲ್ಲ. ಹೊಲದಲ್ಲಿ ಕಬ್ಬಿರಲಿ, ಒಲೆಯ ಮೇಲೆ ಜೋಳವಿರಲಿ ಎಂದಷ್ಟೇ ನಾವು ಕೇಳುವುದು.

ಜೋಳದ ರೊಟ್ಟಿಯೂ ಪಿಷ್ಟವೇ ಎಂಬುದನ್ನು ಮರೆಯಬಾರದು. ಐದು ರೊಟ್ಟಿ ಉಂಡು ‘ನಾ ಅನ್ನ ಮುಟ್ಟಂಗಿಲ್ಲ’ ಎಂದರೆ ಲಾಭವಿಲ್ಲ. ಉಣ್ಣುತ್ತಿದ್ದುದರಲ್ಲಿ ಒಂದು ರೊಟ್ಟಿ ಇಳಿಸಿ ಆ ಜಾಗಕ್ಕೆ ಒಂದು ಬಟ್ಟಲು ಮಡಕಿಕಾಳು, ಹೆಸರುಕಾಳು ಅಥವಾ ಅಲಸಂದಿಯ ಪಲ್ಯ ಬರಲಿ. ಸಸ್ಯಾಹಾರಿಗಳಾದ ನಮಗೆ ಕಾಳು, ಬೇಳೆ, ಹೈನದಿಂದ ಸಾಕಷ್ಟು ಪ್ರೋಟೀನು ಬರಬೇಕು. ಅದು ಸಾಲದಿದ್ದರೆ ಹಸಿವು ತೀರದೆ ನಾಲ್ಕು ಗಂಟೆಗೆ ಚುರುಮುರಿ, ಮಿರ್ಚಿಯ ಕಡೆ ಕೈ ಹೋಗುತ್ತದೆ. ಹಸಿ ಮೆಂತ್ಯ, ಹಕ್ಕರಿಕಿ, ಸೌತೆಕಾಯಿ, ಉಳ್ಳಾಗಡ್ಡಿಯನ್ನು ಊಟದ ತಟ್ಟೆಯಲ್ಲಿ ಮೊದಲು ಇಡುವ ನಮ್ಮ ಹಿರಿಯರ ಪದ್ಧತಿ ಬಲು ಜಾಣತನದ್ದು. ಸೊಪ್ಪು, ಕಾಳು ಮೊದಲು ಉಂಡು ರೊಟ್ಟಿ, ಅನ್ನ ಆಮೇಲೆ ಉಂಡರೆ ರಕ್ತದ ಸಕ್ಕರೆ ಅಷ್ಟು ಜಿಗಿಯದೆಂದು ಈಗಿನ ಸಂಶೋಧನೆಗಳೂ ತೋರಿಸಿವೆ. ಮೊಸರಿನ ಬದಲು ತೆಳು ಮಜ್ಜಿಗೆ ಚರಕರಿಗೂ ಸಮ್ಮತ. ಇದೇ ಆಹಾರ ಮಾತ್ರ ಈ ರೋಗಕ್ಕೆ, ಬೇರೆಯದು ಸಲ್ಲದು ಎಂಬ ಪಟ್ಟಿ ಯಾವ ವೈದ್ಯಶಾಸ್ತ್ರದಲ್ಲಿಯೂ ಸಿದ್ಧವಾಗಿಲ್ಲ. ಮನೆಯವರೆಲ್ಲ ವರ್ಷಗಟ್ಟಲೆ ಉಣ್ಣಬಲ್ಲ ಊಟವೇ ಒಳ್ಳೆಯ ಊಟ. ಮಗಳೊಬ್ಬಳಿಗೇ ಬೇರೆ ಅಡುಗೆ ಮಾಡಿಟ್ಟರೆ ಅದು ಶಿಕ್ಷೆಯಾಗುತ್ತದೆ, ಎರಡು ವಾರ ನಡೆದು ನಿಲ್ಲುತ್ತದೆ.

ಸೋಮವಾರದ ಉಪವಾಸದ ಬಗ್ಗೆ ಭಕ್ತರು ಕೇಳುತ್ತಾರೆ. ಉಪವಾಸ ಒಳ್ಳೆಯದೇ, ಆದರೆ ಸಾಬುದಾಣಿ ಖಿಚಡಿ, ಎರಡು ಬಾಳೆಹಣ್ಣು, ಶೇಂಗಾ ಉಂಡೆ, ನಡುವೆ ಮೂರು ಕಪ್ಪು ಚಹಾ ಎಂದಾದರೆ ಅದು ಉಪವಾಸವಲ್ಲ, ವಾರದ ಅತ್ಯಂತ ಭಾರದ ಊಟ. ಸಾಬುದಾಣಿ ಹೆಚ್ಚುಕಡಿಮೆ ಬರಿಯ ಪಿಷ್ಟ. ಇನ್ನು ದಾಸೋಹದ ಹುಗ್ಗಿ, ಮಾದಲಿ: ಪ್ರಸಾದವನ್ನು ನಿರಾಕರಿಸುವುದೂ ಬೇಡ, ನೀಡಿಸಿಕೊಂಡು ಕೆಡಿಸುವುದೂ ಬೇಡ. ನೀಡುವವರಿಗೆ ಮೊದಲೇ ಕೈ ಅಡ್ಡ ಹಿಡಿದು ‘ಒಂದ ಚಮಚ ಸಾಕ್ರಿ’ ಎನ್ನುವುದನ್ನು ಕಲಿಯಬೇಕು. ನೀಡುವವರೂ ಒತ್ತಾಯ ಮಾಡಬಾರದು. ನಮ್ಮ ಕಡೆಯ ಒತ್ತಾಯದ ಪ್ರೀತಿ ಹಲವರ ಸೊಂಟವನ್ನು ಬೆಳೆಸಿದೆ.

ನಡಿಗೆಯ ಮಾತು

ಸುಶ್ರುತರು ಪ್ರಮೇಹಿಯಾದ ಬಡವನಿಗೆ ಹೇಳಿದ ಚಿಕಿತ್ಸೆ ವಿಚಿತ್ರವೆನಿಸುವಂಥದು: ಪಾದರಕ್ಷೆ, ಕೊಡೆಗಳಿಲ್ಲದೆ, ಭಿಕ್ಷಾನ್ನ ಉಣ್ಣುತ್ತ, ಒಂದು ಊರಿನಲ್ಲಿ ಒಂದೇ ರಾತ್ರಿ ತಂಗುತ್ತ, ನೂರು ಯೋಜನ ನಡೆಯಬೇಕು. ಜಂಗಮರ ಸಂಚಾರವನ್ನು ಬಲ್ಲ ನಮಗೆ ಅದು ಅಷ್ಟು ವಿಚಿತ್ರವಲ್ಲ. ಅದರ ಒಳಗಿನ ತಿರುಳು ಇಂದಿನ ವಿಜ್ಞಾನಕ್ಕೂ ಒಪ್ಪುವಂಥದು: ದುಡಿಯುತ್ತಿರುವ ಸ್ನಾಯು ಇನ್ಸುಲಿನ್ನಿನ ಕರೆಗೆ ಕಾಯದೆ ತಾನೇ ಬಾಗಿಲು ತೆರೆದು ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಯಾವ ಗುಳಿಗೆಯೂ ಇಷ್ಟು ನೇರವಾಗಿ ಈ ಕೆಲಸ ಮಾಡದು.

ನಮ್ಮ ಅಜ್ಜಿಯರು ಬೆಳಗಿನ ಜಾವ ಬೀಸಿದರು, ಕೊಡ ಹೊತ್ತರು, ಕಳೆ ತೆಗೆದರು. ಆ ಕಾಲ ಮರಳಲೆಂದು ನಾವು ಬಯಸುವುದಿಲ್ಲ. ಅವರ ಬೆನ್ನು, ಮೊಣಕಾಲು ಅದಕ್ಕೆ ತೆತ್ತ ಬೆಲೆ ನಮಗೆ ಗೊತ್ತು. ಆದರೆ ಇಂದು ಗಿರಣಿ, ನಲ್ಲಿ, ಮೊಬೈಲ್ ಮೂರೂ ಸೇರಿ ದುಡಿಮೆಯನ್ನು ಕಿತ್ತುಕೊಂಡವು, ಬದಲಿಗೆ ಏನನ್ನೂ ಕೊಡಲಿಲ್ಲ. ರಬಕವಿ-ಬನಹಟ್ಟಿಯ ನೇಕಾರರ ಮನೆಗಳಲ್ಲಿ ಕಂಡಿಕೆ ಸುತ್ತುವ ಹೆಣ್ಣುಮಕ್ಕಳು ಬೆಳಗಿನಿಂದ ಸಂಜೆಯ ತನಕ ದುಡಿಯುತ್ತಾರೆ, ದಣಿಯುತ್ತಾರೆ. ಆದರೆ ಕುಳಿತ ಜಾಗದಿಂದ ಏಳುವುದಿಲ್ಲ. ‘ಇಷ್ಟ ದುಡದ್ರೂ ತೂಕ ಯಾಕ ಇಳಿವಲ್ದು?’ ಎಂಬ ಅವರ ಪ್ರಶ್ನೆ ನ್ಯಾಯವಾದದ್ದು. ಕೈಬೆರಳುಗಳು ದುಡಿದಿವೆ, ತೊಡೆ, ಬೆನ್ನಿನ ದೊಡ್ಡ ಸ್ನಾಯುಗಳು ಮಲಗಿವೆ. ಅಂಥವರು ಗಂಟೆಗೊಮ್ಮೆ ಎದ್ದು ಐದು ನಿಮಿಷ ಅಂಗಳ ಸುತ್ತಬೇಕು. ಊಟದ ನಂತರ ನೂರು ಹೆಜ್ಜೆ ನಡೆಯಬೇಕೆಂಬ ಹಳೆಯ ಮಾತನ್ನು ನಾವು ಹದಿನೈದು ನಿಮಿಷವೆಂದು ತಿದ್ದಿ ಹೇಳುತ್ತೇವೆ.

ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ ಕನಿಷ್ಠ. ತೂಕ ಇಳಿಯಬೇಕಾದರೆ 250 ನಿಮಿಷ. ಜೊತೆಗೆ ವಾರದಲ್ಲಿ ಎರಡು ದಿನ ಸ್ನಾಯು ಬಲಪಡಿಸುವ ಕೆಲಸ: ಬೈಠಕ್, ಗೋಡೆಗೆ ಕೈಯೂರಿ ದಂಡ, ನೀರು ತುಂಬಿದ ಬಾಟಲಿ ಎತ್ತಿಳಿಸುವುದು. ಎಲ್ಲಿ ನಡೆಯಬೇಕೆಂಬುದೇ ಹೆಣ್ಣುಮಕ್ಕಳ ತೊಡಕು. ಒಬ್ಬಳೇ ಸಂಜೆ ರಸ್ತೆಗಿಳಿದರೆ ಓಣಿಯ ಕಣ್ಣುಗಳಿವೆ. ಕಬ್ಬಿನ ಹಂಗಾಮಿನಲ್ಲಿ ಜಮಖಂಡಿ-ಮುಧೋಳ ರಸ್ತೆಯಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ನಡುವೆ ನಡೆಯುವುದು ಅಪಾಯ. ಮಠದ ಪ್ರಾಂಗಣ, ಶಾಲೆಯ ಮೈದಾನ, ಮನೆಯ ಮಾಳಿಗೆ ಇವೆ. ತಾಯಿ, ಸೊಸೆ, ಮಗಳು ಕೂಡಿ ಹೊರಟರೆ ಯಾರ ಮಾತೂ ತಾಗುವುದಿಲ್ಲ, ತಾಯಿಯ ಸಕ್ಕರೆಯೂ ಇಳಿಯುತ್ತದೆ. ವರ್ಷಕ್ಕೊಮ್ಮೆ ಶ್ರೀಶೈಲಕ್ಕೆ ಪಾದಯಾತ್ರೆ ಮಾಡುವ ಮನೆಗಳಲ್ಲಿಯೇ ಉಳಿದ ದಿನಗಳಲ್ಲಿ ಹಾಲಿನ ಅಂಗಡಿಗೂ ಬೈಕ್ ಹತ್ತುವುದನ್ನು ನೋಡಿದಾಗ ನಗು ಬರುತ್ತದೆ.

ಎಷ್ಟು ತೂಕ ಇಳಿಸಬೇಕು? ಇಲ್ಲಿ ಒಳ್ಳೆಯ ಸುದ್ದಿಯಿದೆ. 70 ಕಿಲೋ ಇರುವವಳು 50ಕ್ಕೆ ಬರಬೇಕಿಲ್ಲ. ನೂರಕ್ಕೆ ಐದರಷ್ಟು, ಅಂದರೆ ಮೂರೂವರೆ ಕಿಲೋ ಇಳಿದರೇ ಹಲವರಲ್ಲಿ ಮುಟ್ಟು ಸರಿದಾರಿಗೆ ಬರತೊಡಗುತ್ತದೆ, ಸಕ್ಕರೆಯ ಅಪಾಯ ಕುಗ್ಗುತ್ತದೆ. ಅದಕ್ಕೆ ಆರು ತಿಂಗಳು ಹಿಡಿದರೂ ಸರಿ. ಸ್ಥೂಲತೆಯನ್ನು ಬಿಡಬಯಸುವವರು ವ್ಯಾಯಾಮವನ್ನೂ ಎಚ್ಚರವನ್ನೂ ಕ್ರಮೇಣ ಹೆಚ್ಚಿಸಬೇಕೆಂದು ಚರಕರು ಹೇಳುವಾಗ ಆ ‘ಕ್ರಮೇಣ’ ಎಂಬ ಪದವೇ ಮುಖ್ಯ. ಎಚ್ಚರವೆಂದರೆ ಹಗಲು ನಿದ್ದೆ ಬಿಡುವುದು. ರಾತ್ರಿ ಒಂದು ಗಂಟೆಯವರೆಗೆ ಮೊಬೈಲ್ ನೋಡುವುದಲ್ಲ. ನಿದ್ದೆಗೆಟ್ಟರೆ ಇನ್ಸುಲಿನ್ನಿನ ಕಿವುಡುತನ ಹೆಚ್ಚುತ್ತದೆ.

ತೆಳ್ಳಗಿರುವ ಹುಡುಗಿಯರಿಗೂ ಈ ರೋಗ ಬರುತ್ತದೆ. ಪ್ರಮೇಹಿಗಳಲ್ಲಿ ಸ್ಥೂಲರು, ಕೃಶರು ಎಂದು ಎರಡು ಬಗೆ ಹೇಳಿ, ಕೃಶರನ್ನು ಶೋಷಿಸದೆ ಪೋಷಿಸಬೇಕೆಂದು ಚರಕರು ಹೇಳಿದ್ದು ಇವರಿಗೂ ಸಲ್ಲುವ ಮಾತು. ಅವರು ತೂಕ ಇಳಿಸಬಾರದು. ಸಿಹಿ ಬಿಟ್ಟು, ಕಾಳು ಹೆಚ್ಚಿಸಿ, ಸ್ನಾಯು ಬೆಳೆಸಬೇಕು.

ಔಷಧಿಯ ವಿಚಾರ

ನಾವು ಆಯುರ್ವೇದದ ವೈದ್ಯರು; ಕಾಂಚನಾರ ಗುಗ್ಗುಲು, ತ್ರಿಫಲಾ, ಅಮೃತಬಳ್ಳಿ ಮುಂತಾದವನ್ನು ರೋಗಿಯ ಪ್ರಕೃತಿ ನೋಡಿ ಕೊಡುತ್ತೇವೆ. ಊಟ, ನಡಿಗೆ ಬದಲಾಗದೆ ಅವುಗಳಿಂದ ರೋಗ ಬಗ್ಗುತ್ತದೆಂದು ಹೇಳಿದರೆ ಅದು ವ್ಯಾಪಾರದ ಮಾತಾದೀತು. ಅಂಗಡಿಯಲ್ಲಿ ಕೇಳಿ ರಜಃಪ್ರವರ್ತಿನೀ ವಟಿ ತಂದು ನುಂಗಿಸುವ ರೂಢಿ ಬೆಳೆಯುತ್ತಿದೆ. ಮದುವೆಯಾದ ಹೆಣ್ಣುಮಗಳಲ್ಲಿ ಗರ್ಭ ನಿಂತಿಲ್ಲವೆಂದು ಪರೀಕ್ಷಿಸದೆ ಅದನ್ನು ಕೊಡುವುದು ಅಪಾಯಕರ. ಮುಟ್ಟು ಅನಿಯಮಿತವಾದವರಿಗೆ ಗರ್ಭ ನಿಲ್ಲುವುದೇ ಇಲ್ಲವೆಂದುಕೊಳ್ಳುವುದು ತಪ್ಪು. ಹೆಸರು, ತಯಾರಕರ ವಿಳಾಸವಿಲ್ಲದ ‘ತೂಕ ಇಳಿಸುವ ಪುಡಿ’ಗಳನ್ನು ಮುಟ್ಟಲೇಬೇಡಿ.

ಆಧುನಿಕ ವೈದ್ಯರು ಕೊಡುವ ಮೆಟ್‌ಫಾರ್ಮಿನ್ ಇನ್ಸುಲಿನ್ನಿನ ಕಿವುಡುತನಕ್ಕೆ ಉಪಯುಕ್ತವಾದ ಔಷಧಿ. ಯುರೋಪಿನ ಗ್ಯಾಲೆಗಾ ಎಂಬ ಮೂಲಿಕೆಯ ಅಧ್ಯಯನದಿಂದ ಹೊರಟ ಔಷಧಿಗಳ ವಂಶದ್ದು ಅದು. 1957ರಲ್ಲಿ ಫ್ರಾನ್ಸಿನಲ್ಲಿ ಮಧುಮೇಹಕ್ಕೆ ಬಳಕೆಗೆ ಬಂತು. ‘ಇಂಗ್ಲಿಷ್ ಔಷಧ’ವೆಂಬ ಒಂದೇ ಕಾರಣಕ್ಕೆ ಅದನ್ನು ನಿಲ್ಲಿಸಿ ನಮ್ಮ ಬಳಿ ಬಂದರೆ ನಾವು ಮೆಚ್ಚುವುದಿಲ್ಲ. ಬಹುಕಾಲ ಅದನ್ನು ಸೇವಿಸಿದವರಲ್ಲಿ ಬಿ-12 ಜೀವಸತ್ವ ಕುಸಿಯಬಹುದು; ಸಸ್ಯಾಹಾರಿಗಳಾದ ನಮ್ಮಲ್ಲಿ ಅದು ಮೊದಲೇ ಕಡಿಮೆ ಇರುವ ಸಂಭವ ಹೆಚ್ಚು. ಆದ್ದರಿಂದ ಕಾಲಿಗೆ ಜೋಮು, ಸುಸ್ತು ಬಂದರೆ ಬಿ-12 ಪರೀಕ್ಷೆ ಮಾಡಿಸಿ. ಹಾರ್ಮೋನು ಗುಳಿಗೆಗಳಿಂದ ಬರುವ ಮುಟ್ಟು ರೋಗವನ್ನು ಗುಣಪಡಿಸದು, ನಿಜ. ಆದರೂ ಅದಕ್ಕೊಂದು ಕಾರಣವಿದೆ. ಮೂರು ತಿಂಗಳಿಗೂ ಮೀರಿ ಮುಟ್ಟಾಗದೆ ಹೋಗುತ್ತಲೇ ಇದ್ದರೆ ಗರ್ಭಕೋಶದ ಒಳಪೊರೆ ದಪ್ಪವಾಗುತ್ತ ಹೋಗಿ, ವರ್ಷಗಳ ನಂತರ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ. ‘ಆಗದಿದ್ರ ಪೀಡೆ ತಪ್ಪಿತು’ ಎಂದು ಕೂರುವ ಸಂಗತಿ ಇದಲ್ಲ.

ಶರಣರು ಪಂಚಸೂತಕಗಳನ್ನು ಅಲ್ಲಗಳೆದಾಗ ಮುಟ್ಟಿನ ಸೂತಕವೂ ಅದರಲ್ಲಿತ್ತು. ಅವರ ಹೆಸರು ಹೇಳುವ ಮನೆಗಳಲ್ಲಿಯೇ ಮಗಳ ಮುಟ್ಟು ನಾಲ್ಕು ತಿಂಗಳು ನಿಂತದ್ದು ತಂದೆಗೆ ತಿಳಿದಿರುವುದಿಲ್ಲ. ತಿಳಿದ ಮೇಲೆ ಮೊದಲು ಹುಟ್ಟುವ ಚಿಂತೆ ಮದುವೆಯದು. ವರದಿಗಳನ್ನು ಕಪಾಟಿನಲ್ಲಿ ಬಚ್ಚಿಟ್ಟು, ಔಷಧಿ ನಿಲ್ಲಿಸಿ, ಅವಸರದಲ್ಲಿ ಅಕ್ಷತೆ ಹಾಕುವುದನ್ನು ನಾವು ಕಂಡಿದ್ದೇವೆ. ಮುಂದೆ ಎರಡು ವರ್ಷಕ್ಕೆ ಆ ಹುಡುಗಿಗೆ ‘ಬಂಜೆ’ ಎಂಬ ಮಾತು ಬೀಳುತ್ತದೆ. ಈ ರೋಗವಿರುವವರಲ್ಲಿ ಬಹುಪಾಲು ಸ್ತ್ರೀಯರು, ಕೆಲವರು ತಾವಾಗಿಯೇ, ಕೆಲವರು ಅಂಡ ಬಿಡುಗಡೆಯ ಗುಳಿಗೆಗಳ ನೆರವಿನಿಂದ, ತಾಯಂದಿರಾಗುತ್ತಾರೆ. ಗಂಡಿನ ಕಡೆಯವರಿಗೆ ಮೊದಲೇ ತಿಳಿಸಿ, ಚಿಕಿತ್ಸೆ ಮುಂದುವರಿಸುವುದೇ ಸರಿಯಾದ ದಾರಿ. ಗರ್ಭ ನಿಂತ ಮೇಲೆ ವೈದ್ಯರಿಗೆ ‘ನನಗೆ ಪಿಸಿಓಎಸ್ ಇತ್ತು’ ಎಂದು ಹೇಳಲೇಬೇಕು, ಏಕೆಂದರೆ ಬಸುರಿನ ಸಕ್ಕರೆ, ರಕ್ತದೊತ್ತಡ ಇವರಲ್ಲಿ ಹೆಚ್ಚು. ಸಕ್ಕರೆ ಪರೀಕ್ಷೆ ಬೇಗ ಮಾಡಬೇಕಾಗುತ್ತದೆ.

ಮನೆಯಲ್ಲಿ ‘ಡುಮ್ಮಿ’ ಎಂದು ಕರೆದು, ಎರಡನೆಯ ರೊಟ್ಟಿಗೆ ಕೈಯಿಟ್ಟಾಗ ಕಣ್ಣು ಬಿಟ್ಟರೆ ಹುಡುಗಿ ಮರೆಯಲ್ಲಿ ತಿನ್ನಲು ಕಲಿಯುತ್ತಾಳೆ. ಈ ರೋಗದಲ್ಲಿ ಖಿನ್ನತೆ ಸಾಮಾನ್ಯವಾಗಿ ಕಾಣುವ ತೊಂದರೆ. ಮಾತು ಬಿಟ್ಟು, ಕನ್ನಡಿ ಬಿಟ್ಟು, ಕಾಲೇಜು ತಪ್ಪಿಸುವ ಹುಡುಗಿಗೆ ತೂಕದ ಯಂತ್ರಕ್ಕಿಂತ ಮೊದಲು ಮನೋವೈದ್ಯರ ಅಥವಾ ಆಪ್ತಸಮಾಲೋಚಕರ ನೆರವು ಬೇಕು.

ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲು, ಸಿಲಿಂಡರಿನ ಲೆಕ್ಕ ಬರೆಯುವಂತೆ ಮಗಳು ತನ್ನ ಪುಸ್ತಕದಲ್ಲಿ ಮುಟ್ಟಿನ ಮೊದಲ ದಿನವನ್ನು ಬರೆದಿಡಲಿ. ತಿಂಗಳಿಗೊಮ್ಮೆ ತೂಕ, ಸೊಂಟದ ಅಳತೆ, ವಾರಕ್ಕೆ ನಡೆದ ನಿಮಿಷ, ದಿನದ ಚಹಾದ ಸಂಖ್ಯೆ. ಸಕ್ಕರೆ ಪರೀಕ್ಷೆ ವರ್ಷದಿಂದ ಮೂರು ವರ್ಷಕ್ಕೊಮ್ಮೆ, ಮನೆಯಲ್ಲಿ ಸಕ್ಕರೆ ಕಾಯಿಲೆ ಇದ್ದರೆ ವರ್ಷಕ್ಕೊಮ್ಮೆಯೇ. ವೈದ್ಯರ ಬಳಿ ಬರುವಾಗ ಆ ಪುಸ್ತಕವನ್ನು ತನ್ನಿ. ಸ್ಕ್ಯಾನಿಂಗ್ ಬೇಕೋ ಬೇಡವೋ ಎಂಬುದನ್ನು ಅದನ್ನು ನೋಡಿದ ಮೇಲೆ ಹೇಳುತ್ತೇವೆ.